ಗುಂಡು ತಡೆಯುವ ಜಾಕೆಟ್ ಚೂರಿಯನ್ನೂ ತಡೆಯುತ್ತದಾ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನನ್ನ ಗಂಡ ಎಟಿಎಂಗಳಿಗೆ ಹಣ ತುಂಬುವ ವ್ಯಾನಿನಲ್ಲಿ ಗಾರ್ಡ್. ಮೂಡುಬಿದಿರೆ, ಬಂಟ್ವಾಳ ಕಡೆಗೆಲ್ಲ ಹೋಗಬೇಕು. ಕಂಪನಿಯವರು ಬುಲೆಟ್‌ಪ್ರೂಫ್ ಜಾಕೆಟ್ ಕೊಟ್ಟಿದ್ದಾರೆ. ಅದರಿಂದ ಚೂರಿ, ತಲವಾರಿನ ಏಟಿಗೂ ರಕ್ಷಣೆ ಉಂಟಾ? "ಗುಂಡನ್ನೇ ತಡೆಯುತ್ತದೆ, ಚೂರಿ ಯಾವ ಲೆಕ್ಕ" ಅಂತ ಇವರು ಹೇಳುತ್ತಾರೆ.
– ಓದುಗರು, ಬಜಪೆ

ಉತ್ತರ: ನಿಮ್ಮ ಯಜಮಾನರ ಮಾತು ಕೇಳುವಾಗ ಸರಿ ಅನಿಸುತ್ತದೆ. ಆದರೆ ಅದನ್ನು ನಂಬಿಕೊಂಡು ಡ್ಯೂಟಿಗೆ ಹೋಗುವುದು ಬೇಡ. ಪಿಸ್ತೂಲಿನ ಗುಂಡನ್ನು ತಡೆಯುವ ಮೆತ್ತನೆಯ ಜಾಕೆಟನ್ನು ಹರಿತವಾದ ಚೂರಿ ದಾಟಿಹೋಗಬಹುದು.

ಲೆಕ್ಕ ಹಾಕಿದರೆ ನಂಬುವುದು ಕಷ್ಟ. 9 ಎಂಎಂ ಪಿಸ್ತೂಲಿನ ಗುಂಡು ಸುಮಾರು 8 ಗ್ರಾಂ ತೂಗುತ್ತದೆ. ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಬಂದರೆ ಅದರ ಶಕ್ತಿ 600 ಜೂಲ್ ದಾಟುತ್ತದೆ. ಚೂರಿ ತಡೆಯುವ ಜಾಕೆಟ್‌ಗಳಿಗೆ ಅಮೆರಿಕದ ಎನ್‌ಐಜೆ ಸಂಸ್ಥೆ ಮಾಡಿದ ಮಾನದಂಡದಲ್ಲಿ ಮೂರು ಹಂತಗಳಿವೆ: 24, 33 ಮತ್ತು 43 ಜೂಲ್. ಅಂದರೆ ಇರಿತದ ಶಕ್ತಿ ಗುಂಡಿನ ಹತ್ತನೇ ಒಂದು ಪಾಲೂ ಅಲ್ಲ. ಆದರೂ ಅದು ಒಳಗೆ ಹೋಗುತ್ತದೆ.

ಕಾರಣ ಇರುವುದು ಮೊನೆಯಲ್ಲಿ. ಪಿಸ್ತೂಲಿನ ಗುಂಡಿನ ಮೂತಿ ಸಾಮಾನ್ಯವಾಗಿ ಮೊಂಡು, ಒಳಗಿರುವುದು ಮೆತ್ತಗಿನ ಸೀಸ. ಜಾಕೆಟ್‌ನ ಒಳಗೆ ಕೆವ್ಲಾರ್‌ನಂಥ ನೂಲಿನ ಬಟ್ಟೆ ಪದರ ಪದರವಾಗಿ ಇರುತ್ತದೆ. ಕೆವ್ಲಾರ್ ಎಂದರೆ ಡುಪಾಂಟ್ ಕಂಪನಿಯಲ್ಲಿದ್ದ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ 1965ರಲ್ಲಿ ಕಂಡುಹಿಡಿದ ನಾರು. ಗುಂಡು ಬಡಿದ ಕ್ಷಣ ನೂಲುಗಳು ಉದ್ದಕ್ಕೆ ಎಳೆದುಕೊಳ್ಳುತ್ತವೆ, ಪೆಟ್ಟನ್ನು ಸುತ್ತಮುತ್ತ ಹಂಚುತ್ತವೆ. ಸೀಸ ಚಪ್ಪಟೆಯಾಗಿ ಅಗಲವಾಗುತ್ತದೆ. ಅಗಲವಾದಷ್ಟೂ ಜಾಸ್ತಿ ನೂಲುಗಳು ಅದನ್ನು ಹಿಡಿಯುತ್ತವೆ. ಮಲ್ಪೆಯ ಬೋಟಿನವರ ಬಲೆ ನೆನಪು ಮಾಡಿಕೊಳ್ಳಿ. ದೊಡ್ಡ ಮೀನು ಎಷ್ಟೇ ಜೋರಾಗಿ ನುಗ್ಗಿದರೂ ಬಲೆ ಜಗ್ಗಿ ಹಿಡಿಯುತ್ತದೆ. ಅದೇ ಬಲೆಯ ಕಣ್ಣಿನೊಳಗೆ ಸೂಜಿ ಸುಲಭವಾಗಿ ತೂರುತ್ತದೆ, ಚೂರಿ ಒಂದೊಂದೇ ಎಳೆಯನ್ನು ಕತ್ತರಿಸುತ್ತದೆ.

ಚೂರಿಯ ಉಕ್ಕು ಚಪ್ಪಟೆಯಾಗುವುದಿಲ್ಲ. ಹಿಂದಿನಿಂದ ಕೈ ಒತ್ತುತ್ತಲೇ ಇರುತ್ತದೆ. ಗುಂಡಿಗೆ ಆ ಸೌಕರ್ಯ ಇಲ್ಲ. ಸ್ಕ್ರೂಡ್ರೈವರ್, ಐಸ್ ಒಡೆಯುವ ಮೊಳೆಯಂಥವು ಇನ್ನೂ ಅಪಾಯ, ಅವು ನೂಲನ್ನು ಕಡಿಯದೆ ಪಕ್ಕಕ್ಕೆ ಸರಿಸಿ ನುಗ್ಗುತ್ತವೆ. ಹಾಗಾಗಿ ಎನ್‌ಐಜೆ ಮಾನದಂಡದಲ್ಲಿ ಚೂರಿಗೆ ಒಂದು ವರ್ಗ, ಮೊಳೆಯಂಥ ಆಯುಧಕ್ಕೆ ಬೇರೆಯೇ ವರ್ಗ. ಇವನ್ನು ತಡೆಯಲು ತುಂಬ ಬಿಗಿಯಾಗಿ ನೇಯ್ದ ಬಟ್ಟೆ, ರಾಳ ಕುಡಿಸಿ ಗಟ್ಟಿ ಮಾಡಿದ ಪದರ ಅಥವಾ ಉಕ್ಕಿನ ಸಣ್ಣ ಬಳೆಗಳ ಜಾಲರಿ ಬೇಕು. ಪರೀಕ್ಷೆಯಲ್ಲಿ ಮೊನೆ 7 ಮಿಲಿಮೀಟರ್‌ಗಿಂತ ಜಾಸ್ತಿ ಆಚೆ ಬರಬಾರದು. ಅದಕ್ಕಿಂತ ಆಳಕ್ಕೆ ಹೋದರೆ ಒಳಗಿನ ಅಂಗಗಳಿಗೆ ತಾಗುವ ಭಯ.

ತಲವಾರಿನ ವಿಷಯ ಸ್ವಲ್ಪ ಬೇರೆ. ಬೀಸಿ ಹೊಡೆದಾಗ ಪೆಟ್ಟು ಅಲಗಿನ ಉದ್ದಕ್ಕೆ ಹಂಚಿಹೋಗುತ್ತದೆ. ಎದೆ, ಬೆನ್ನಿನ ಮೇಲೆ ಬಿದ್ದರೆ ಇದೇ ಜಾಕೆಟ್ ಸಾಕಷ್ಟು ಮಟ್ಟಿಗೆ ತಡೆಯುತ್ತದೆ. ಆದರೆ ಕತ್ತಿ ಬೀಸಿದಾಗ ಮನುಷ್ಯ ತನ್ನಿಂತಾನೇ ಕೈ ಅಡ್ಡ ಹಿಡಿಯುತ್ತಾನೆ ಅಲ್ವಾ? ಅಂಗೈ, ಮುಂಗೈ, ಕುತ್ತಿಗೆ, ತಲೆ, ಇವುಗಳಿಗೆ ಜಾಕೆಟ್ ಇಲ್ಲ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಜಾಕೆಟ್‌ನ ಒಳಗಿನ ಪ್ಯಾನೆಲ್ ಹೊರಗೆ ತೆಗೆದು ಲೇಬಲ್ ಓದಿ. ಯಾವ ಮಾನದಂಡ, ಯಾವ ಹಂತ, ಯಾವಾಗ ತಯಾರಾದದ್ದು ಎಂದು ಅದರಲ್ಲಿ ಇರಬೇಕು. ನಮ್ಮ ದೇಶದ ಬುಲೆಟ್‌ಪ್ರೂಫ್ ಜಾಕೆಟ್‌ಗಳ ಮಾನದಂಡ ಐಎಸ್ 17051, 2018ರದ್ದು. ಚೂರಿ ತಡೆಯುವ ಬಗ್ಗೆ ಲೇಬಲ್‌ನಲ್ಲಿ ಏನೂ ಬರೆದಿಲ್ಲ ಅಂದರೆ ತಡೆಯುವುದಿಲ್ಲ ಅಂತಲೇ ತಿಳಿಯಿರಿ. ಗುಂಡು, ಚೂರಿ ಎರಡಕ್ಕೂ ಪರೀಕ್ಷೆಯಾದ ಜಾಕೆಟ್‌ಗಳೂ ಬರುತ್ತವೆ. ಅದನ್ನೇ ಕೊಡಿ ಎಂದು ಕಂಪನಿಗೆ ಬರೆದು ಕೇಳಲಿ, ಬಾಯಿಮಾತಲ್ಲಿ ಬೇಡ. ಇನ್ನೊಬ್ಬರ ಹಣ ಕಾಯುವವನ ಜೀವಕ್ಕೆ ಸರಿಯಾದ ರಕ್ಷಣೆ ಕೊಡುವುದು ಕಂಪನಿಯ ಜವಾಬ್ದಾರಿ, ಉಪಕಾರ ಅಲ್ಲ.

ಇನ್ನೊಂದು. ಗುಂಡು ಜಾಕೆಟನ್ನು ದಾಟದಿದ್ದರೂ ಬಟ್ಟೆ ಒಳಮುಖವಾಗಿ ಉಬ್ಬಿ ಮೈಗೆ ಬಡಿಯುತ್ತದೆ. ಜೇಡಿಮಣ್ಣಿನ ಮೇಲೆ ಜಾಕೆಟ್ ಇಟ್ಟು ಪರೀಕ್ಷಿಸುವಾಗ ಮಣ್ಣಿನಲ್ಲಿ 44 ಮಿಲಿಮೀಟರ್ ಆಳದ ತನಕ ತಗ್ಗು ಬಿದ್ದರೂ ಎನ್‌ಐಜೆ ಒಪ್ಪುತ್ತದೆ. ಎದೆಯ ಮೇಲೆ ಅಷ್ಟು ಪೆಟ್ಟೆಂದರೆ ಪಕ್ಕೆಲುಬು ಮುರಿಯಬಹುದು, ಶ್ವಾಸಕೋಶಕ್ಕೆ, ಹೃದಯಕ್ಕೆ ಏಟಾಗಬಹುದು. ರಕ್ತ ಬರಲಿಲ್ಲ ಅಂತ ಸುಮ್ನೆ ಮನೆಗೆ ಬರಬಾರದು. ನೇರ ಆಸ್ಪತ್ರೆಗೆ ಹೋಗಬೇಕು. ಆ ಜಾಕೆಟನ್ನು ಮತ್ತೆ ಹಾಕಲೂ ಬಾರದು.

ಪ್ರಶ್ನೆ: ನನ್ನ ತಮ್ಮ ಪೊಲೀಸ್. ಹಿಂದೆ ಕಾರ್ಕಳದ ನಕ್ಸಲ್ ನಿಗ್ರಹ ಪಡೆಯಲ್ಲಿದ್ದ. ಹೆಬ್ರಿ ಕಡೆಯ ಕಾಡು ಹತ್ತುವಾಗ ಜಾಕೆಟ್‌ನ ಭಾರಕ್ಕೇ ಸುಸ್ತಾಗುತ್ತಿತ್ತಂತೆ. ಅಷ್ಟು ಭಾರ ಯಾಕೆ ಬೇಕು?
– ಓದುಗರು, ಕುಂದಾಪುರ

ಉತ್ತರ: ರೈಫಲ್ ಗುಂಡಿಗಾಗಿ. ಎಕೆ-47ರ ಗುಂಡು ಸೆಕೆಂಡಿಗೆ 700 ಮೀಟರ್ ದಾಟಿ ಬರುತ್ತದೆ. ಶಕ್ತಿ 2,000 ಜೂಲ್‌ನಷ್ಟು. ಮೊನೆ ಚೂಪು, ಕೆಲವದರೊಳಗೆ ಉಕ್ಕಿನ ತಿರುಳು. 2–3 ಕಿಲೋ ತೂಗುವ ಮೆತ್ತನೆಯ ಜಾಕೆಟ್ ಇದಕ್ಕೆ ಸಾಕಾಗದು. ಮುಂದೆ, ಹಿಂದೆ ಗಟ್ಟಿ ಪ್ಲೇಟ್ ಹಾಕಲೇಬೇಕು.

ಈ ಪ್ಲೇಟ್‌ಗಳಲ್ಲಿ ಹೆಚ್ಚಿನವು ಸೆರಾಮಿಕ್. ಅಲ್ಯುಮಿನಾ, ಸಿಲಿಕಾನ್ ಕಾರ್ಬೈಡ್, ಬೋರಾನ್ ಕಾರ್ಬೈಡ್ ಬಳಸುತ್ತಾರೆ. ನನಗೆ ಇವುಗಳಲ್ಲಿ ಬೋರಾನ್ ಕಾರ್ಬೈಡ್ ಮೇಲೆ ತುಂಬ ಗೌರವ. ಅಲ್ಯುಮಿನಿಯಂಗಿಂತ ಹಗುರ, ಉಕ್ಕಿಗಿಂತ ಎಷ್ಟೋ ಗಡಸು. ಗುಂಡಿನ ಮೊನೆ ಇದಕ್ಕೆ ಬಡಿದು ಪುಡಿಯಾಗುತ್ತದೆ. ಸೆರಾಮಿಕ್ ಕೂಡ ಒಡೆಯುತ್ತದೆ, ಒಡೆಯುತ್ತಲೇ ಪೆಟ್ಟನ್ನು ಅಗಲಕ್ಕೆ ಹರಡುತ್ತದೆ. ಉಳಿದ ಚೂರುಗಳನ್ನು ಹಿಂದಿನ ನಾರಿನ ಪದರ ಹಿಡಿಯುತ್ತದೆ. ಒಡೆದ ಜಾಗಕ್ಕೇ ಮತ್ತೊಂದು ಗುಂಡು ಬಿದ್ದರೆ ಅಪಾಯ.

ಭಾರ ಇಳಿಸುವ ಕೆಲಸ ನಮ್ಮಲ್ಲೂ ನಡೆಯುತ್ತಿದೆ. ಭಾಭಾ ಅಣು ಸಂಶೋಧನಾ ಕೇಂದ್ರದ ತಂತ್ರಜ್ಞಾನದಿಂದ ಹೈದರಾಬಾದಿನ ಸರ್ಕಾರಿ ಕಂಪನಿ ಮಿಧಾನಿ 'ಭಾಭಾ ಕವಚ' ಎಂಬ ಜಾಕೆಟ್ ತಯಾರಿಸುತ್ತದೆ. ಡಿಆರ್‌ಡಿಒ ಮತ್ತು ಐಐಟಿ ದೆಹಲಿ ಸೇರಿ ಮಾಡಿದ 'ಅಭೇದ್' ಜಾಕೆಟ್‌ಗಳನ್ನು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದರು. ರಕ್ಷಣೆಯ ಹಂತಕ್ಕೆ ತಕ್ಕಂತೆ ಅವುಗಳ ಕನಿಷ್ಠ ತೂಕ 8.2 ಮತ್ತು 9.3 ಕಿಲೋ. ಘಟ್ಟದ ಮಳೆಯಲ್ಲಿ ಏರುವವನಿಗೆ ಒಂದು ಕಿಲೋ ಕಡಿಮೆಯಾದರೂ ದೊಡ್ಡದೇ.

ಸಿನಿಮಾದಲ್ಲಿ ಗುಂಡು ತಾಗಿದವನು ಹಿಂದಕ್ಕೆ ಹಾರಿ ಬೀಳುತ್ತಾನಲ್ಲ, ಅದು ಸುಳ್ಳು. ಎಕೆಯ ಗುಂಡು ಪ್ಲೇಟ್‌ನಲ್ಲಿ ನಿಂತರೆ 80 ಕಿಲೋ ಮನುಷ್ಯನಿಗೆ ಸಿಗುವ ವೇಗ ಸೆಕೆಂಡಿಗೆ ಸುಮಾರು 7 ಸೆಂಟಿಮೀಟರ್ ಅಷ್ಟೆ.

ಪ್ರಶ್ನೆ: 2020ರ ಜನವರಿಯಲ್ಲಿ ಮಂಗಳೂರು ಏರ್‌ಪೋರ್ಟಿನಲ್ಲಿ ಸಿಕ್ಕಿದ ಬಾಂಬನ್ನು ಕೆಂಜಾರು ಮೈದಾನಕ್ಕೆ ಒಯ್ದು ಸ್ಫೋಟಿಸಿದರು. ಬಾಂಬ್ ದಳದವರ ದಪ್ಪ ಸೂಟ್ ನಿಜಕ್ಕೂ ಕಾಪಾಡುತ್ತದಾ?
– ಓದುಗರು, ಕಾವೂರು

ಉತ್ತರ: ಒಂದು ಮಿತಿಯವರೆಗೆ. ಸ್ಫೋಟದಲ್ಲಿ ಚೂರುಗಳು ಹಾರುತ್ತವೆ, ಗಾಳಿಯ ಒತ್ತಡದ ಅಲೆ ಬಡಿಯುತ್ತದೆ, ಬೆಂಕಿಯ ಬಿಸಿ ಬರುತ್ತದೆ, ಮನುಷ್ಯನನ್ನು ಎತ್ತಿ ಒಗೆಯುತ್ತದೆ. ಚೂರುಗಳನ್ನು ನಾರಿನ ಪದರಗಳು ತಡೆಯುತ್ತವೆ. ಒತ್ತಡದ ಅಲೆಗೆ ಎದೆಯ ಮೇಲಿನ ಗಟ್ಟಿ ಪ್ಲೇಟ್, ಎತ್ತರದ ಕಾಲರ್, ಹೆಲ್ಮೆಟ್ ಬೇಕು. ಎಲ್ಲ ಸೇರಿ 30 ಕಿಲೋ ದಾಟುತ್ತದೆ. ಇಷ್ಟಾದರೂ ಕೆಲಸ ಮಾಡಲು ಬೆರಳು ಆಡಬೇಕಲ್ಲ, ಹಾಗಾಗಿ ಹೆಚ್ಚಿನ ಸೂಟ್‌ಗಳಲ್ಲಿ ಅಂಗೈಗೆ ರಕ್ಷಣೆ ಇರುವುದಿಲ್ಲ. ದೊಡ್ಡ ಬಾಂಬ್ ಕೈಯಲ್ಲಿದ್ದಾಗ ಸಿಡಿದರೆ ಯಾವ ಸೂಟೂ ಸಾಲದು. ದೂರವೇ ದೊಡ್ಡ ರಕ್ಷಣೆ, ಬಯಲಿಗೆ ಒಯ್ದದ್ದೂ ಅದಕ್ಕೇ. ಆ ಸೂಟ್ ಹಾಕಿ ಹತ್ತಿರ ಹೋಗುವವರ ಧೈರ್ಯಕ್ಕೆ ನನ್ನ ನಮಸ್ಕಾರ.

ಪ್ರಶ್ನೆ: ನಾನು ಮಾಲ್ ಒಂದರಲ್ಲಿ ಸೆಕ್ಯುರಿಟಿ. ಊರಿನ ಸೆಖೆಗೆ ಜಾಕೆಟ್ ಬೆವರಿನಿಂದ ನೆನೆಯುತ್ತದೆ. ತೊಳೆದು ಬಿಸಿಲಿಗೆ ಹಾಕಬಹುದಾ?
– ಓದುಗರು, ಉಡುಪಿ

ಉತ್ತರ: ಹೊರಗಿನ ಕವರ್ ಮಾತ್ರ ತೊಳೆಯಿರಿ. ಒಳಗಿನ ಪ್ಯಾನೆಲ್‌ಗಳನ್ನು ಮೊದಲೇ ಹೊರಗೆ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ನೀರಲ್ಲಿ ನೆನೆಸಬೇಡಿ, ಬ್ಲೀಚ್ ಹಾಕಬೇಡಿ, ಇಸ್ತ್ರಿ ಬೇಡವೇ ಬೇಡ. ನೆರಳಲ್ಲಿ ಚಪ್ಪಟೆಯಾಗಿ ಮಲಗಿಸಿ ಒಣಗಿಸಿ. ಬಿಸಿಲಿನ ನೇರಳಾತೀತ ಕಿರಣ ಕೆವ್ಲಾರ್ ನಾರನ್ನು ದುರ್ಬಲ ಮಾಡುತ್ತದೆ. ನೀರು ಹೊಕ್ಕರೆ ನೂಲುಗಳು ಒಂದರ ಮೇಲೊಂದು ಜಾರಿ ಹಿಡಿತ ಕಡಿಮೆಯಾಗುತ್ತದೆ. ಅದಕ್ಕೇ ಪ್ಯಾನೆಲ್‌ಗೆ ನೀರು ಹೋಗದ ಚೀಲ ಹೊಲಿದಿರುತ್ತಾರೆ. ಆ ಚೀಲ ಹರಿದಿದ್ದರೆ ಕೂಡಲೆ ಮೇಲಿನವರಿಗೆ ತಿಳಿಸಿ.

ನಮ್ಮ ಕರಾವಳಿಯವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಜೈಲಾನ್ ಎಂಬ ನಾರಿನ ಜಾಕೆಟ್‌ಗಳು ಒಂದು ಕಾಲಕ್ಕೆ ಅಮೆರಿಕದ ಪೊಲೀಸರಲ್ಲಿ ಬಳಕೆಯಲ್ಲಿದ್ದವು. 2003ರಲ್ಲಿ ಪೆನ್ಸಿಲ್ವೇನಿಯಾದ ಒಬ್ಬ ಅಧಿಕಾರಿಯ ಜಾಕೆಟನ್ನು ಅದು ತಡೆಯಬೇಕಿದ್ದ ಗುಂಡೇ ದಾಟಿತು. ತೇವ, ಬಿಸಿಗೆ ಆ ನಾರು ಬೇಗ ಹಾಳಾಗುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡಿತು. 2005ರಲ್ಲಿ ಎನ್‌ಐಜೆ ಅವುಗಳ ಮಾನ್ಯತೆ ತೆಗೆಯಿತು. ಹೊರಗಿನಿಂದ ನೋಡಿದರೆ ಜಾಕೆಟ್‌ಗೆ ಏನೂ ಆದಂತೆ ಕಾಣುತ್ತಿರಲಿಲ್ಲ.

ಪಾಲಿಥಿಲೀನ್ ನಾರಿನ ಜಾಕೆಟ್ ಆದರೆ ನೀರಿನ ಭಯ ಇಲ್ಲ, ಬಿಸಿಯ ಭಯ ಉಂಟು. ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟುಹೋಗಬೇಡಿ. ಸೆರಾಮಿಕ್ ಪ್ಲೇಟ್ ಇದ್ದು, ಅದು ಕೈಜಾರಿ ನೆಲಕ್ಕೆ ಬಿದ್ದಿದ್ದರೆ ಬಿರುಕು ಕಣ್ಣಿಗೆ ಕಾಣದು. ಎಕ್ಸ್‌ರೇ ಮಾಡಿಸುವ ತನಕ ಅದನ್ನು ಹಾಕಬೇಡಿ.