ಹಡಗು ಯಾನದ ಕಾಲದ ಪ್ರೇಮ ಕಾದಂಬರಿ ಬರೆಯಲು ನಿಜವಾದ ಕಥೆ ಯಾವುದಿದೆ?
18ನೇ ಶತಮಾನದ ಫ್ರೆಂಚ್ ಹೆಂಗಸು ಝಾನ್ ಬಾರೆಯ ಕಥೆ ಹಿಡಿಯಿರಿ. ಆಗ ಫ್ರಾನ್ಸ್‌ನ ನೌಕಾಪಡೆ ಹಡಗಿಗೆ ಹೆಂಗಸರು ಹತ್ತುವಂತಿರಲಿಲ್ಲ. ಆದರೆ ಅವಳ ಸಂಗಾತಿ, ಸಸ್ಯಶಾಸ್ತ್ರಜ್ಞ ಕಾಮರ್ಸನ್, ಫ್ರೆಂಚ್ ನೌಕಾ ನಾಯಕ ಬೂಗೆನ್‌ವಿಲ್ ಜೊತೆ ಭೂಮಿ ಸುತ್ತಲು ಹೊರಟಿದ್ದ, ಹಾಗಾಗಿ ಗಂಡಸಿನ ಬಟ್ಟೆ ಹಾಕಿಕೊಂಡು ಅವನ ಆಳಿನ ವೇಷದಲ್ಲಿ ಇವಳೂ ಹೊರಟಳು. ಅವನಿಗೆ ಕಾಲುನೋವು ಜಾಸ್ತಿ, ಗಿಡಗಳನ್ನು ಹೊತ್ತು ತರುತ್ತಿದ್ದದ್ದು ಇವಳೇ. ನಮ್ಮ ಕಾಂಪೌಂಡುಗಳ ಮೇಲಿನ ಕಾಗದದ ಹೂ ಇದೆ ಅಲ್ವಾ, ಅದು ಅವರಿಗೆ ಸಿಕ್ಕಿದ್ದು 1767ರಲ್ಲಿ, ಬ್ರೆಜಿಲ್‌ನಲ್ಲಿ. 1768ರಲ್ಲಿ ಗುಟ್ಟು ರಟ್ಟಾಯಿತು. 1773ರಲ್ಲಿ ಕಾಮರ್ಸನ್ ಮಾರಿಷಸ್‌ನಲ್ಲಿ ತೀರಿಕೊಂಡ. ಅವಳು ಬೇರೊಬ್ಬನನ್ನು ಮದುವೆಯಾಗಿ ಫ್ರಾನ್ಸ್‌ಗೆ ಮರಳಿದಳು, ಭೂಮಿ ಸುತ್ತಿದ ಮೊದಲ ಹೆಂಗಸು ಅವಳೇ. ಸುಮ್ನೆ ಸಿಹಿ ಪ್ರೇಮ ಮಾಡಬೇಡಿ. ಮೊದಲು ಅವಳು ಅವನ ಮನೆಗೆಲಸದವಳಾಗಿದ್ದಳು, ಆ ಅಂತರವೂ ಬರಲಿ.