ಸಂಪಾದಕರ ಉತ್ತರ: ಒಬ್ಬರೇ ಆಡುವವರು ಆಟ ಕೆಡಿಸಿದರಾ?

ಪ್ರಿಯ ಓದುಗರೇ,

ನಿಮ್ಮ ಪತ್ರ ಉದ್ದವೂ ಇತ್ತು, ಖಾರವಾಗಿಯೂ ಇತ್ತು. ಅಂಥ ಪತ್ರ ಬಂದಾಗ ಎರಡು ಸಾಲಿನ ಉತ್ತರ ಸಾಲದು. ಉಳಿದ ಓದುಗರಿಗಾಗಿ ಮೊದಲು ನಿಮ್ಮ ದೂರನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು ಬಹಳ ವರ್ಷಗಳಿಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುತ್ತಿದ್ದೀರಿ. ಚಂದಾ ಕಟ್ಟಿ, ಇಂಟರ್‌ನೆಟ್ ಮೂಲಕ ಅನೇಕ ಜನ ಒಂದೇ ಜಗತ್ತಿನಲ್ಲಿ ಕೂಡಿ ಆಡುವ ಕಂಪ್ಯೂಟರ್ ಆಟ ಅದು. ಈಗ ಅಲ್ಲಿ ಡಂಜನ್‌ಗೆ (ಐದು ಜನರ ಗುಂಪು ರಾಕ್ಷಸರನ್ನು ಎದುರಿಸುವ ಗುಹೆ, ಕೋಟೆಯಂಥ ಜಾಗ) ಹೋಗಲು ಜನ ಕೂಡಿಸಬೇಕಾಗಿಲ್ಲ, ಕಂಪ್ಯೂಟರ್ ನಡೆಸುವ ಸಂಗಡಿಗರೇ ಜೊತೆಗೆ ಬರುತ್ತಾರೆ. ಕಥೆಯ ಉದ್ದಕ್ಕೂ ಒಬ್ಬರ ಹತ್ತಿರವೂ ಮಾತಾಡದೆ ಕೊನೆ ಮುಟ್ಟಬಹುದು. "ಒಬ್ಬರೇ ಆಡುವವರಿಗೋಸ್ಕರ ಎಲ್ಲ ಸುಲಭ ಮಾಡಿ ಕೂಡಿ ಆಡುವ ಆಟದ ಜೀವ ತೆಗೆದರು" ಎಂದು ಬರೆದಿದ್ದೀರಿ. ಕೊನೆಯಲ್ಲಿ ಒಂದು ಪ್ರಶ್ನೆ: ಇಂಥ ಆಟಕ್ಕೆ ಇನ್ನೂ ದುಡ್ಡು ಕಟ್ಟಬೇಕಾ?

ಜೀವ ಹೋಗಿದೆ ಎನ್ನುವುದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ತೆಗೆದವರು ಯಾರು ಎನ್ನುವುದರಲ್ಲಿ ಮಾತ್ರ ನನ್ನದು ಬೇರೆ ಲೆಕ್ಕ.

1999ರ ಮಾರ್ಚ್‌ನಲ್ಲಿ ಬಂದ ಇದೇ ಬಗೆಯ ಆಟ ಎವರ್‌ಕ್ವೆಸ್ಟ್ ನೋಡಿ. ಅಲ್ಲಿ ಮಂತ್ರ ಹಾಕುವ ಪಾತ್ರಕ್ಕೆ ಮಾನಾ, ಅಂದರೆ ಮಂತ್ರ ಹಾಕುವ ಶಕ್ತಿ, ಖಾಲಿಯಾದರೆ ನೆಲದ ಮೇಲೆ ಕೂತು ಮಂತ್ರದ ಪುಸ್ತಕ ತೆರೆಯಬೇಕಿತ್ತು. ಕೆಳಗಿನ ಲೆವೆಲ್‌ಗಳಲ್ಲಿ ಆ ಪುಸ್ತಕ ಎದುರಿನ ಜಗತ್ತನ್ನೇ ಮುಚ್ಚಿಬಿಡುತ್ತಿತ್ತು. ರಾಕ್ಷಸ ಹತ್ತಿರ ಬಂದರೂ ಕಾಣುತ್ತಿರಲಿಲ್ಲ. ಚಾಟ್ ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ನಿಂತವರು "ಬಂತು, ಏಳು" ಎಂದು ಬರೆದರೆ ನೀವು ಬದುಕಿದಿರಿ. ಮಾನಾ ತುಂಬಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ಹೊತ್ತು ಇನ್ನೇನು ಮಾಡುವುದು? ಸುಮ್ನೆ ಮಾತಾಡುವುದು. ಆ ಕಾಲದ ಆಟಗಾರರ ಗೆಳೆತನ ಎಷ್ಟೋ ಸಲ ಹುಟ್ಟಿದ್ದು ಈ ಬೇಸರದ ನಿಮಿಷಗಳಲ್ಲೇ.

ಸತ್ತರಂತೂ ಇನ್ನೂ ಕಷ್ಟ. ಶವ ಬಿದ್ದಲ್ಲೇ ಇರುತ್ತಿತ್ತು. ಕತ್ತಿ, ಕವಚ, ಚೀಲ ಎಲ್ಲ ಅದರ ಮೇಲೆಯೇ. ಬರಿಗೈಯಲ್ಲಿ ಅಲ್ಲಿಯವರೆಗೆ ನಡೆದು ಹೋಗಿ ತರಬೇಕು. ಅದು ಡಂಜನ್ ಆಳದಲ್ಲಿದ್ದರೆ ಒಬ್ಬರ ಕೈಲಿ ಆಗುವ ಮಾತಲ್ಲ. ಆಗ ಇನ್ನೊಬ್ಬ ಆಟಗಾರರಿಗೆ ನಿಮ್ಮ ಶವ ಎಳೆಯುವ ಅನುಮತಿ ಕೊಡಬೇಕಿತ್ತು. ಅದಕ್ಕೆಂದೇ ಒಂದು ಆಜ್ಞೆ ಇತ್ತು, ಅವರ ಹೆಸರು ಸೇರಿಸಿ ಟೈಪ್ ಮಾಡಬೇಕು. ಗುರುತಿಲ್ಲದ ಯಾರೋ ಒಬ್ಬರು ತಮ್ಮ ಕೆಲಸ ಬಿಟ್ಟು ಒಳಗೆ ನುಗ್ಗಿ ನಿಮ್ಮ ಶವವನ್ನು ಬಾಗಿಲಿನವರೆಗೆ ಎಳೆದು ತಂದರೆ, ಅವರ ಹೆಸರು ಮರೆಯಲು ಆಗುತ್ತಾ? ನಾಳೆ ಅವರು ಕಷ್ಟದಲ್ಲಿದ್ದರೆ ನೀವು ಓಡುತ್ತೀರಿ.

ಹಾಗಂತ ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ದಿನಕ್ಕೆ ಐದಾರು ಗಂಟೆ ಬಿಡುವಿದ್ದವರಿಗೆ ಚೆನ್ನಾಗಿತ್ತು. ಉಳಿದವರು ಹೊರಗೇ ಉಳಿದರು.

ಈಗ ನಿಮಗೆ ಸ್ವಲ್ಪ ಕಸಿವಿಸಿ ಆಗುವ ಒಂದು ಮಾತು. ನೀವು ಇಷ್ಟಪಡುವ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರ ನವೆಂಬರ್‌ನಲ್ಲಿ ಬಂದಾಗ, ಎವರ್‌ಕ್ವೆಸ್ಟ್ ಆಡುತ್ತಿದ್ದವರಲ್ಲಿ ಎಷ್ಟೋ ಜನ ಅದರ ಬಗ್ಗೆ ಇದೇ ದೂರು ಹೇಳಿದ್ದರು. ಯಾಕೆಂದರೆ ಒಬ್ಬರೇ ಆಡುವವರಿಗೆ ಬಾಗಿಲು ತೆರೆದದ್ದೇ ಆ ಆಟದ ದೊಡ್ಡ ಹೆಜ್ಜೆ. ಕ್ವೆಸ್ಟ್ (ಆಟ ಒಪ್ಪಿಸುವ ಕೆಲಸ) ಮಾಡುತ್ತಾ ಒಂಟಿಯಾಗಿ ಆಗಿನ ಕೊನೆಯ ಹಂತವಾದ 60ನೇ ಲೆವೆಲ್ ಮುಟ್ಟಬಹುದಿತ್ತು. ಸತ್ತರೆ ಗಳಿಸಿದ ಅನುಭವ (ಲೆವೆಲ್ ಏರಿಸುವ ಅಂಕ) ಕಳೆಯುತ್ತಿರಲಿಲ್ಲ, ಕವಚ ಮೈಮೇಲೆಯೇ ಇರುತ್ತಿತ್ತು. ಛತ್ರದಲ್ಲಿ ಲಾಗ್ ಔಟ್ ಮಾಡಿ ಒಂದೆರಡು ದಿನ ಬಿಟ್ಟು ಬಂದರೆ, ಸ್ವಲ್ಪ ಹೊತ್ತಿನವರೆಗೆ ರಾಕ್ಷಸರನ್ನು ಕೊಂದ ಅನುಭವ ಎರಡರಷ್ಟು ಸಿಗುತ್ತಿತ್ತು. ಬಿಡುವಿಲ್ಲದವರಿಗೆ ಅದು ಬೇಕೆಂದೇ ಮಾಡಿಟ್ಟ ಅನುಕೂಲ. ಇಷ್ಟಾದರೂ ಜನ ಕೂಡಿ ಆಡಿದರು. ಗಿಲ್ಡ್ ಎಂಬ ಕಾಯಂ ಗುಂಪು ಕಟ್ಟಿದರು, ಜಗಳವಾಡಿದರು, ಕೆಲವರು ಮದುವೆಯನ್ನೂ ಆದರು. ಅಂದಮೇಲೆ ಸೋಲೋ, ಅಂದರೆ ಒಬ್ಬರೇ, ಆಡಲು ಬಿಟ್ಟ ಮಾತ್ರಕ್ಕೆ ಕೂಟ ಕೆಡುವುದಿಲ್ಲ, ಅಲ್ವಾ?

ಹಾಗಾದರೆ ಕೆಟ್ಟದ್ದು ಎಲ್ಲಿ? ನನ್ನ ಪ್ರಕಾರ 2009ರ ಡಿಸೆಂಬರ್‌ನಲ್ಲಿ. ಆಗ ಬಂದ 3.3 ಪ್ಯಾಚ್‌ನಲ್ಲಿ (ಆಟದ ಪರಿಷ್ಕರಣೆ) ಡಂಜನ್ ಫೈಂಡರ್, ಅಂದರೆ ಗುಂಪನ್ನು ತಾನೇ ಕೂಡಿಸುವ ವ್ಯವಸ್ಥೆ, ಸೇರಿಸಿದರು. ಅದಕ್ಕೂ ಮೊದಲು ಡಂಜನ್‌ಗೆ ಹೋಗಬೇಕೆಂದರೆ ಊರಿನ ಚಾಟ್‌ನಲ್ಲಿ "ಟ್ಯಾಂಕ್ ಬೇಕು, ಹೀಲರ್ ಬೇಕು" ಎಂದು ಕೂಗಬೇಕಿತ್ತು. ಟ್ಯಾಂಕ್ ಎಂದರೆ ಮುಂದೆ ನಿಂತು ಏಟು ತಡೆಯುವವರು, ಹೀಲರ್ ಎಂದರೆ ಗಾಯ ವಾಸಿ ಮಾಡುವವರು. ಗುರುತಿನವರಿಗೆ ಪಿಸುಗುಟ್ಟಿ ಕೇಳಬೇಕಿತ್ತು. ಐದು ಜನ ಕೂಡಿದ ಮೇಲೆ ಅಲ್ಲಿಯವರೆಗೆ ಪಯಣ. ಎಲ್ಲರೂ ಒಂದೇ ಸರ್ವರ್‌ನವರು, ಅಂದರೆ ಆಟದ ಜಗತ್ತಿನ ಒಂದೇ ಪ್ರತಿಯಲ್ಲಿ ಆಡುವವರು. ಲೂಟ್ (ಗೆದ್ದ ವಸ್ತುಗಳು) ಕದ್ದು ಓಡಿದವನ ಹೆಸರು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ತಾಳ್ಮೆಯಿಂದ ಹೊಸಬರಿಗೆ ಕಲಿಸಿದ ಹೀಲರ್‌ನ ಹೆಸರೂ ಅಷ್ಟೇ. ಒಳ್ಳೆಯ ಹೆಸರಿಗೆ ಬೆಲೆ ಇತ್ತು, ಕೆಟ್ಟ ಹೆಸರಿಗೆ ದಂಡ ಇತ್ತು.

ಫೈಂಡರ್ ಬಂದ ಮೇಲೆ ಒಂದು ಬಟನ್ ಒತ್ತಿದರೆ ಸಾಕಾಯಿತು. ಬೇರೆ ಬೇರೆ ಸರ್ವರ್‌ಗಳಿಂದ ಐದು ಜನರನ್ನು ತಂದು ಡಂಜನ್ ಒಳಗೇ ಇಳಿಸುತ್ತಿತ್ತು. ಮುಗಿದ ಮೇಲೆ ಅವರನ್ನು ಮತ್ತೆ ನೋಡುವ ಸಂಭವವೇ ಕಡಿಮೆ. ಶುರುವಿನಲ್ಲಿ "ಹಾಯ್", ಕೊನೆಯಲ್ಲಿ "ಥ್ಯಾಂಕ್ಸ್". ಎಷ್ಟೋ ಸಲ ಅದೂ ಇಲ್ಲ. ಯಾರಾದರೂ ತಡವರಿಸಿದರೆ ವೋಟ್ ಹಾಕಿ ಹೊರಗೆ ಕಳಿಸಿದರೆ ಆಯಿತು, ಇನ್ನೊಬ್ಬರು ಬರುತ್ತಾರೆ. 2011ರ ನವೆಂಬರ್‌ನಲ್ಲಿ ರೇಡ್‌ಗಳಿಗೂ (ಇನ್ನೂ ದೊಡ್ಡ ಗುಂಪಿನ ಕಾಳಗ) ಇದೇ ವ್ಯವಸ್ಥೆ ಬಂತು. ಈಗ 25 ಜನ ಮೌನವಾಗಿ ಬಾಸ್, ಅಂದರೆ ದೊಡ್ಡ ರಾಕ್ಷಸನನ್ನು, ಹೊಡೆದು ಚದುರಿ ಹೋಗುವುದು.

ಸೋಲೋ ಆಡುವವರು ಇಲ್ಲಿ ಮಾಡಿದ ತಪ್ಪೇನು? ಪಾರ್ಟಿಯೂ (ಕೂಡಿ ಆಡುವ ಗುಂಪು) ಇತ್ತು, ಮನುಷ್ಯರೂ ಇದ್ದರು. ಆದರೆ ಆ ಮನುಷ್ಯರ ಜಾಗದಲ್ಲಿ ಯಾರಿದ್ದರೂ ನಡೆಯುತ್ತಿತ್ತು. ಆಟ ನಮಗೆ ಜೊತೆಯವರನ್ನು ಯಂತ್ರದ ಹಾಗೆ ನೋಡುವುದನ್ನು ಕಲಿಸಿದ್ದು ಆಗ. ಹತ್ತು ವರ್ಷಕ್ಕೂ ಜಾಸ್ತಿ ಹಾಗೆ ಆಡಿದ ಮೇಲೆ 2024ರ ಜನವರಿಯಲ್ಲಿ ನಿಜವಾದ ಯಂತ್ರಗಳೇ ಬಂದವು. ನೀವು ಬೈದ ಫಾಲೋವರ್ ಡಂಜನ್ ಅವೇ. ಅವು ಕಸಿದುಕೊಂಡದ್ದು ನಿಮ್ಮ ಗೆಳೆಯರ ಜಾಗವನ್ನಲ್ಲ. ಹೆಸರು ಕೂಡ ನೋಡದೆ ನಾವು ದಾಟಿಹೋಗುತ್ತಿದ್ದ ಆ ನಾಲ್ಕು ಅಪರಿಚಿತರ ಜಾಗವನ್ನು. ನಾನೂ ಅಲ್ಲಿ ಆಡಿ ನೋಡಿದೆ. ಬಾಟ್‌ಗಳು, ಅಂದರೆ ಈ ಕಂಪ್ಯೂಟರ್ ಸಂಗಡಿಗರು, ಕಾಯುತ್ತವೆ, ಗದರುವುದಿಲ್ಲ, ಗೋಡೆಯ ಮೇಲಿನ ಚಿತ್ರ ನೋಡುತ್ತಾ ನಿಂತರೂ ಅವಸರ ಮಾಡುವುದಿಲ್ಲ. ಹೊಸಬರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಎಂದು ಹಳಬರಾದ ನಮಗೆ ತಟ್ಟನೆ ಹೊಳೆಯುವುದಿಲ್ಲ. ದನಿ ಕೇಳಿದ ಕೂಡಲೇ ಕೆಟ್ಟ ಮಾತು ಎದುರಿಸಬೇಕಾದ ಹೆಣ್ಣುಮಕ್ಕಳಿಗಂತೂ ಇನ್ನೂ ಜಾಸ್ತಿ.

ನೀವು ಅಂಕಿ ಅಂಶವನ್ನೂ ಕೇಳಿದ್ದೀರಿ. ಆಟಕ್ಕೆ ಅತಿ ಹೆಚ್ಚು, ಅಂದರೆ 1.2 ಕೋಟಿ ಚಂದಾದಾರರು ಇದ್ದದ್ದು 2010ರ ಅಕ್ಟೋಬರ್‌ನಲ್ಲಿ. ಆಗ ಫೈಂಡರ್ ಬಂದು ಹತ್ತು ತಿಂಗಳಾಗಿತ್ತು. ಆಮೇಲೆ ಸಂಖ್ಯೆ ಇಳಿಯಿತು. 2015ರಲ್ಲಿ 55 ಲಕ್ಷ ಎಂದು ಹೇಳಿ, ಇನ್ನು ಮುಂದೆ ಲೆಕ್ಕ ಕೊಡುವುದಿಲ್ಲ ಎಂದರು. ಇಳಿತಕ್ಕೆ ಫೈಂಡರೇ ಕಾರಣ ಎಂದು ಇದರಿಂದ ಹೇಳಲು ಬರುವುದಿಲ್ಲ. ಆಟಕ್ಕೆ ವಯಸ್ಸಾಗಿತ್ತು, ಬೇರೆ ಆಟಗಳು ಬಂದಿದ್ದವು. ಆದರೆ 2019ರ ಆಗಸ್ಟ್‌ನಲ್ಲಿ ಫೈಂಡರ್ ಇಲ್ಲದ ಹಳೆಯ ಆಟವನ್ನೇ ಕ್ಲಾಸಿಕ್ ಎಂದು ಮತ್ತೆ ತೆರೆದಾಗ, ಒಳಗೆ ಹೋಗಲು ಜನ ಗಂಟೆಗಟ್ಟಲೆ ಸರದಿಯಲ್ಲಿ ಕಾದರು. ಹಳೆಯ ನೆನಪಿನ ಸೆಳೆತವೂ ಇತ್ತು, ಸರಿ. ಆದರೂ ಕಷ್ಟದ ಆಟ ಬೇಕು ಎಂದು ಅಷ್ಟು ಜನ ಬಂದದ್ದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮುಂದೆ 2022ರಲ್ಲಿ ಅದೇ ಕ್ಲಾಸಿಕ್ ಸಾಲಿನಲ್ಲಿ ರಾತ್ ಆಫ್ ದ ಲಿಚ್ ಕಿಂಗ್ ಎಂಬ ಮುಂದುವರಿದ ಭಾಗ ಬಂದಾಗಲೂ ಫೈಂಡರ್ ಇಡಲಿಲ್ಲ. ಆಟಗಾರರಲ್ಲೇ ಎರಡು ಬಣವಾಯಿತು. 2023ರಲ್ಲಿ ಕೊನೆಗೂ ಸೇರಿಸಿದರು. ಕೆಳಗಿನ ಲೆವೆಲ್‌ನಲ್ಲಿ ಜನರೇ ಇಲ್ಲದಾಗ "ಕೂಡಿಸಿಕೊಂಡು ಆಡಿ" ಎಂದರೆ ಯಾರನ್ನು ಕೂಡಿಸುವುದು?

ಈ ಕೊನೆಯ ಮಾತು ಮುಖ್ಯ. ಫೈನಲ್ ಫ್ಯಾಂಟಸಿ 11 ಎಂಬ ಇಂಥದ್ದೇ ಆಟ ಜಪಾನಿನಲ್ಲಿ 2002ರ ಮೇ ತಿಂಗಳಲ್ಲಿ ಶುರುವಾಯಿತು. ಅಲ್ಲಿ ಮೊದಲ ಹತ್ತು ಹನ್ನೆರಡು ಲೆವೆಲ್ ದಾಟಿದರೆ ಪಾರ್ಟಿ ಇಲ್ಲದೆ ಹೆಜ್ಜೆ ಮುಂದಿಡುವುದೇ ಕಷ್ಟವಾಗಿತ್ತು. ವರ್ಷಗಳು ಕಳೆದವು, ಹಳಬರೆಲ್ಲ ಮೇಲೆ ಹೋದರು, ಕೆಳಗೆ ಬಂದ ಹೊಸಬರಿಗೆ ಜೊತೆ ಸಿಗಲಿಲ್ಲ. 2013ರ ಡಿಸೆಂಬರ್‌ನಲ್ಲಿ ಟ್ರಸ್ಟ್ ಎಂಬ ಮಂತ್ರ ತಂದರು. ಕಥೆಯ ಪಾತ್ರಗಳನ್ನೇ ಕರೆದು ಪಾರ್ಟಿ ಮಾಡಿಕೊಳ್ಳಬಹುದು. ಆ ಆಟ ಇವತ್ತಿಗೂ ನಡೆಯುತ್ತಿರುವುದರಲ್ಲಿ ಈ ಮಂತ್ರದ ಪಾಲು ದೊಡ್ಡದು ಎಂದೇ ನಾನು ನಂಬಿದ್ದೇನೆ. ಜನ ಕಡಿಮೆಯಾದ ಆಟಕ್ಕೆ ಸೋಲೋ ದಾರಿ ಇಲ್ಲದಿದ್ದರೆ ಉಳಿದವರೂ ಹೋಗುತ್ತಾರೆ.

ಒಬ್ಬರೇ ಆಡುವವರಿಗೆ ಉಳಿದ ಜನ ಬೇಡ ಎಂಬುದೂ ತಪ್ಪು ತಿಳುವಳಿಕೆ. 2006ರಲ್ಲೇ ಅಮೆರಿಕದ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದ ನಿಕೊಲಾಸ್ ಡುಶೆನೊ ಮತ್ತು ಜೊತೆಗಾರರು ವಾರ್‌ಕ್ರಾಫ್ಟ್ ಆಟಗಾರರ ಬಗ್ಗೆ ಅಧ್ಯಯನ ಮಾಡಿದ್ದರು. ಜನ ಬಹಳಷ್ಟು ಹೊತ್ತು ಒಬ್ಬರೇ ಆಡುತ್ತಾರೆ, ಆದರೆ ಸುತ್ತ ಜನ ಇರಬೇಕು ಎಂದು ಬಯಸುತ್ತಾರೆ ಎಂದು ಕಂಡುಕೊಂಡರು. ತಾವು ಗಳಿಸಿದ ಕುದುರೆಯನ್ನೋ ಕವಚವನ್ನೋ ನೋಡುವವರು ಬೇಕು, ತಾವು ನೋಡಿ ಬೆರಗಾಗಲು ಬೇರೆಯವರು ಬೇಕು, ಸುಮ್ನೆ ಗದ್ದಲವೂ ಬೇಕು. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಆಟದಲ್ಲಿ 2014ರಲ್ಲಿ ಬಂದ ಐರನ್‌ಮ್ಯಾನ್ ಆಟಗಾರರು ಇದಕ್ಕೆ ಸಾಕ್ಷಿ. ಅವರು ಯಾರ ಹತ್ತಿರವೂ ಏನೂ ಕೊಳ್ಳುವಂತಿಲ್ಲ, ಪಡೆಯುವಂತಿಲ್ಲ. ಎಲ್ಲ ತಾವೇ ಸಂಪಾದಿಸಬೇಕು. ತಾವಾಗಿ ಒಪ್ಪಿಕೊಂಡ ಕಟ್ಟುಪಾಡು ಅದು. ಆದರೆ ಚಾಟ್‌ನಲ್ಲಿ ಹೆಸರಿನ ಪಕ್ಕ ಒಂದು ಪುಟ್ಟ ಶಿರಸ್ತ್ರಾಣದ ಗುರುತು ಇರುತ್ತದೆ. ಖಾಲಿ ಸರ್ವರ್‌ನಲ್ಲಿ ಆ ಗುರುತಿಗೆ ಏನು ಬೆಲೆ?

ಹಾಗಾಗಿ ನನ್ನ ನಿಲುವು ಇಷ್ಟು: ಸೋಲೋ ಆಡಲು ದಾರಿ ಮಾಡಿಕೊಡಲಿ, ಕಾಯುವ ಕಾಟ ತಪ್ಪಿಸಲಿ. ಆದರೆ ಒಬ್ಬರಿಗೆ ಇನ್ನೊಬ್ಬರ ಅಗತ್ಯವನ್ನೇ ಅಳಿಸಬಾರದು. ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಇದಕ್ಕೆ ನೋವಿನ ಉದಾಹರಣೆ. 2003ರಲ್ಲಿ ಬಂದ ಆ ಆಟದಲ್ಲಿ 30ಕ್ಕೂ ಹೆಚ್ಚು ಕಸುಬುಗಳಿದ್ದವು. ಯುದ್ಧದಲ್ಲಿ ದಣಿದವರ ಆಯಾಸ ತೀರಬೇಕಾದರೆ ಕ್ಯಾಂಟೀನಾಕ್ಕೆ (ಪಾನಗೃಹ) ಹೋಗಿ ಕೂರಬೇಕು, ಅಲ್ಲಿ ಇನ್ನೊಬ್ಬ ಆಟಗಾರ ಕುಣಿಯಬೇಕು ಅಥವಾ ವಾದ್ಯ ನುಡಿಸಬೇಕು. ಕತ್ತಿ ಹಿಡಿಯಲು ಇಷ್ಟವಿಲ್ಲದವರಿಗೂ ಅಲ್ಲಿ ಒಂದು ಕೆಲಸ, ಒಂದು ಮರ್ಯಾದೆ ಇತ್ತು. 2005ರ ನವೆಂಬರ್‌ನಲ್ಲಿ ಹೊಸಬರಿಗೆ ಸುಲಭವಾಗಲಿ ಎಂದು ಎಲ್ಲವನ್ನೂ 9 ಕಸುಬಿಗೆ ಇಳಿಸಿದರು. ಹಳಬರು ಗುಂಪುಗುಂಪಾಗಿ ಬಿಟ್ಟು ಹೋದರು. 2011ರ ಡಿಸೆಂಬರ್‌ನಲ್ಲಿ ಆಟವೇ ಮುಚ್ಚಿತು.

ಚೆನ್ನಾಗಿ ಮಾಡಿದವರೂ ಇದ್ದಾರೆ. 2012ರಲ್ಲಿ ಬಂದ ಗಿಲ್ಡ್ ವಾರ್ಸ್ 2ರಲ್ಲಿ ಪಾರ್ಟಿ ಮಾಡದೆಯೇ ಇಡೀ ಜಗತ್ತು ಸುತ್ತಬಹುದು. ಆದರೆ ನೀವು ಹೊಡೆಯುತ್ತಿರುವ ರಾಕ್ಷಸನಿಗೆ ಇನ್ನೊಬ್ಬರು ಬಂದು ಏಟು ಕೊಟ್ಟರೆ ನಿಮ್ಮ ಪಾಲು ಕಡಿಮೆಯಾಗುವುದಿಲ್ಲ, ಇಬ್ಬರಿಗೂ ಪೂರ್ತಿ ಸಿಗುತ್ತದೆ. ಅದಿರು ಅಗೆದರೂ ಅಷ್ಟೇ, ಅವರ ಪಾಲು ಅವರಿಗೆ, ನಿಮ್ಮದು ನಿಮಗೆ. ಬಿದ್ದವರನ್ನು ಯಾರು ಬೇಕಾದರೂ ಎಬ್ಬಿಸಬಹುದು. ದೂರದಲ್ಲಿ ಒಬ್ಬ ಆಟಗಾರ ಕಂಡರೆ "ಅಯ್ಯೋ, ಪೈಪೋಟಿಗೆ ಬಂದ" ಎನ್ನುವ ಬದಲು "ಸದ್ಯ, ಬಂದ" ಎನ್ನಿಸುತ್ತದೆ. ಫೈನಲ್ ಫ್ಯಾಂಟಸಿ 14 ಇನ್ನೊಂದು ಜಾಣತನ ಮಾಡಿದೆ. 2022ರ ಏಪ್ರಿಲ್‌ನಿಂದ ಅಲ್ಲಿ ಮುಖ್ಯ ಕಥೆಯ ಡಂಜನ್‌ಗಳಿಗೆ ಒಂದೊಂದಾಗಿ ಬಾಟ್ ಸಂಗಡಿಗರನ್ನು ಕೊಡುತ್ತಾ ಬಂದರು. ಅದರ ಜೊತೆಗೇ, ಹಳೆಯ ಡಂಜನ್‌ಗೆ ಮತ್ತೆ ಹೋಗುವ ಹಳಬರಿಗೆ ದಿನಕ್ಕೊಂದು ಬಹುಮಾನ ಇಟ್ಟಿದ್ದಾರೆ. ಪಾರ್ಟಿಯಲ್ಲಿ ಆ ಜಾಗಕ್ಕೆ ಮೊದಲ ಸಲ ಬಂದವರು ಇದ್ದರೆ ಎಲ್ಲರಿಗೂ ಇನ್ನಷ್ಟು ಸಿಗುತ್ತದೆ. ಅಲ್ಲಿ ತಪ್ಪು ಮಾಡುವ ಹೊಸಬರು ಹೊರೆಯಲ್ಲ, ಲಾಭ. ನಿಮ್ಮ ಆಟದಲ್ಲಿ ವೋಟ್ ಹಾಕಿ ಕಳಿಸುತ್ತಿದ್ದದ್ದು ಅಂಥವರನ್ನೇ.

ಇನ್ನು ದುಡ್ಡಿನ ಪ್ರಶ್ನೆ. ಈಗಲೇ ಬಿಡಬೇಡಿ ಎನ್ನುತ್ತೇನೆ. 2024ರ ಆಗಸ್ಟ್‌ನಲ್ಲಿ ಬಂದ ಡೆಲ್ವ್‌ಗಳನ್ನು ನೀವು ಪತ್ರದಲ್ಲಿ "ಒಂಟಿ ಗುಹೆ" ಎಂದು ಕರೆದಿದ್ದೀರಿ. ಅಲ್ಲಿಗೆ ಒಬ್ಬರೇ ಹೋಗಬಹುದು ನಿಜ, ಐದು ಜನರವರೆಗೆ ಕೂಡಿಯೂ ಹೋಗಬಹುದು. ಗಿಲ್ಡ್ ಚಾಟ್‌ನಲ್ಲಿ ಒಂದು ಮಾತು ಕೇಳಿ ನೋಡಿ, ಅದರಲ್ಲೂ ಹೊಸದಾಗಿ ಸೇರಿದವರನ್ನು ಕೇಳಿ. ಬಟನ್ ಒತ್ತುವ ಬದಲು ಪಾರ್ಟಿ ಪಟ್ಟಿಯಲ್ಲಿ ನಿಮ್ಮದೇ ಹೆಸರಿನಲ್ಲಿ ಗುಂಪು ತೆರೆದು, ಬಂದವರಲ್ಲಿ ಚೆನ್ನಾಗಿ ಆಡಿದವರನ್ನು ಗೆಳೆಯರ ಪಟ್ಟಿಗೆ ಸೇರಿಸಿಕೊಳ್ಳಿ. ಒಂದು ತಿಂಗಳು ಹೀಗೆ ಮಾಡಿದರೂ ಯಾರೂ ಓಗೊಡದಿದ್ದರೆ ಕ್ಲಾಸಿಕ್‌ಗೆ ಹೋಗಿ. ನೀವು ಈಗ ಕಟ್ಟುವ ಚಂದಾದಲ್ಲೇ ಅದೂ ಸಿಗುತ್ತದೆ, ಬೇರೆ ದುಡ್ಡು ಬೇಡ. ಸರ್ವರ್ ಆರಿಸುವಾಗ ಜನ ಜಾಸ್ತಿ ಇರುವುದನ್ನೇ ಆರಿಸಿಕೊಳ್ಳಿ. ಟ್ಯಾಂಕ್ ಆಗಿ ಹೋದರೆ ಮೊದಲ ದಿನವೇ ನಿಮ್ಮನ್ನು ಯಾರಾದರೂ ಕರೆಯುತ್ತಾರೆ.

ಸಂಪಾದಕ