ಡ್ಯೂ ಡೇಟ್ ಇಲ್ಲದ ಹೆಣಿಗೆ

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಇವರನ್ನು ಶಾರದಾ ಅಂತ ಕರೆಯೋಣ. ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು 44. ತೆರಿಗೆ ಸಲಹೆಗಾರರೊಬ್ಬರ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾರೆ. ಜುಲೈ ಎರಡನೇ ವಾರ ನನ್ನ ಹತ್ತಿರ ಬಂದವರು ಕೂತ ಕೂಡಲೇ ಹೇಳಿದ್ದು, "ಮೇಡಂ, ನನಗೆ ಅರ್ಧ ಗಂಟೆ ಮಾತ್ರ ಟೈಮ್ ಇದೆ."

ಆ ಕೆಲಸ ಗೊತ್ತಿದ್ದವರಿಗೆ ಜುಲೈ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. 11ಕ್ಕೆ ಜಿಎಸ್‌ಟಿಆರ್-1 (ಜಿಎಸ್‌ಟಿಯ ಮಾರಾಟದ ವಿವರ), 20ಕ್ಕೆ 3ಬಿ (ಜಿಎಸ್‌ಟಿ ಲೆಕ್ಕ ಹಾಕಿ ಕಟ್ಟುವ ರಿಟರ್ನ್), 31ಕ್ಕೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ರಿಟರ್ನ್, ಅದೇ 31ಕ್ಕೆ ಸಂಬಳದವರ ಆದಾಯ ತೆರಿಗೆ ರಿಟರ್ನ್. ಅಬ್ಬಾ ಮುಗೀತು ಅನ್ನುವಷ್ಟರಲ್ಲಿ ಸೆಪ್ಟೆಂಬರ್ 30ರ ಟ್ಯಾಕ್ಸ್ ಆಡಿಟ್. ಮನೆಯಲ್ಲಿ ಅತ್ತೆ ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಮಲಗಿದ್ದರು. ಮಗಳು ಸೆಕೆಂಡ್ ಪಿಯುಸಿ. ಗಂಡ ಒಳ್ಳೆಯವರೇ, ಆದರೆ "ಏನಾದ್ರೂ ಬೇಕಿದ್ರೆ ಹೇಳು" ಅನ್ನುವ ಪೈಕಿ. ಹಾಗೆ ಹೇಳುವುದೂ ಒಂದು ಕೆಲಸವೇ ಅಂತ ಅವರಿಗೆ ಹೊಳೆದಿರಲಿಲ್ಲ.

ರಾತ್ರಿ 3 ಗಂಟೆಗೆ ಎಚ್ಚರ. ಎದೆ ಢವಢವ. ಯಾವ ಕ್ಲೈಂಟ್ ಒಟಿಪಿ ಕೊಟ್ಟಿಲ್ಲ, ಯಾರ ಬಿಲ್ ಬಂದಿಲ್ಲ ಅಂತ ಮಲಗಿದಲ್ಲೇ ಲೆಕ್ಕ. ಬೆಳಗ್ಗೆ ಮಗಳ ಮೇಲೆ ರೇಗಾಟ, ಆಮೇಲೆ ಬಚ್ಚಲಲ್ಲಿ ನಲ್ಲಿ ತಿರುಗಿಸಿಕೊಂಡು ಅಳು. ಬದುಕೇ ಬೇಡ ಅನ್ನಿಸುತ್ತಾ ಅಂತ ನೇರವಾಗಿ ಕೇಳಿದೆ, ಇದನ್ನು ನಾನು ಎಲ್ಲರನ್ನೂ ಕೇಳುತ್ತೇನೆ. "ಹಾಗಿಲ್ಲ ಮೇಡಂ, ಸುಮ್ನೆ ಒಂದು ದಿನ ಯಾರೂ ಕರೀಬಾರದು ಅನ್ಸುತ್ತೆ" ಅಂದರು. ಬಿಪಿ, ಥೈರಾಯ್ಡ್, ರಕ್ತಹೀನತೆ ನೋಡಿಸಿಕೊಂಡು ಬನ್ನಿ ಅಂತ ಅವರ ಡಾಕ್ಟರ ಹತ್ತಿರ ಕಳಿಸಿದೆ. ಎಲ್ಲ ಸರಿಯಿತ್ತು.

ಮೊದಲ ವಾರ ನಾನು ಹೇಳಿದ್ದು ಹತ್ತು ನಿಮಿಷ ಕಣ್ಣು ಮುಚ್ಚಿ ಉಸಿರು ಗಮನಿಸಿ ಅಂತ. ಅದು ಅವರಿಗೆ ಆಗಿಬರಲಿಲ್ಲ. ಕಣ್ಣು ಮುಚ್ಚಿದರೆ ಬಾಕಿ ಕೆಲಸಗಳೇ ಸಾಲಾಗಿ ಬಂದು ನಿಲ್ಲುತ್ತಿದ್ದವು. ಆದರೆ ಇದನ್ನು ಹೇಳುತ್ತಿರುವಾಗ ಅವರ ಕೈ ಏನು ಮಾಡುತ್ತಿತ್ತು ಅಂತ ನೋಡಿದೆ. ಸೆರಗಿನ ಕುಚ್ಚಿನ ಎಳೆಗಳನ್ನು ಜಡೆ ಹೆಣೆಯುವುದು, ಬಿಚ್ಚುವುದು, ಮತ್ತೆ ಹೆಣೆಯುವುದು. ಮಾತು ತಡವರಿಸುತ್ತಿದ್ದರೂ ಬೆರಳು ಒಂದೇ ಹದದಲ್ಲಿ ಓಡುತ್ತಿತ್ತು.

"ಕೈಕೆಲಸ ಏನಾದ್ರೂ ಬರುತ್ತಾ?" ಅಂದೆ. ಹೈಸ್ಕೂಲಿನ ರಜೆಯಲ್ಲಿ ಪಕ್ಕದ ಮನೆಯ ಆಂಟಿ ಉಲ್ಲನ್ ಹೆಣೆಯೋದು ಕಲಿಸಿದ್ದರಂತೆ. ಮದುವೆ ಆದ ಮೇಲೆ ಕಡ್ಡಿ ಮುಟ್ಟಿಲ್ಲ.

ನಾನು ಕೊಟ್ಟ ಸಲಹೆ ಬಹಳ ಸಣ್ಣದು. ದಪ್ಪ ದಾರ ತಗೊಳ್ಳಿ, ತಿಳಿ ಬಣ್ಣದ್ದು, ಕಪ್ಪಿನಲ್ಲಿ ಕುಣಿಕೆ ಕಾಣಿಸದೆ ಕಣ್ಣಿಗೆ ತ್ರಾಸ. 30 ಕುಣಿಕೆ ಹಾಕಿ. ಎಲ್ಲ ಸಾಲೂ ಸೀದಾ ಹೆಣಿಗೆ, ಉಲ್ಟಾ ಬೇಡ, ಡಿಸೈನ್ ಬೇಡ, ಎಣಿಸುವುದು ಬೇಡ. ಅತ್ತೆಗೆ 9 ಗಂಟೆಯ ಮಾತ್ರೆ ಕೊಟ್ಟ ಮೇಲೆ 20 ನಿಮಿಷ. ಫೋನ್ ಬೇರೆ ಕೋಣೆಯಲ್ಲಿ. "ಏನು ಮಾಡ್ತಿದೀಯಾ ಅಂತ ಕೇಳಿದ್ರೆ?" ಅಂದರು. ಏನೂ ಇಲ್ಲ, ಹೆಣೀತಿದೀನಿ ಅನ್ನಿ ಅಂದೆ.

ಎರಡು ವಾರ ಬಿಟ್ಟು ಬಂದಾಗ ಅವರು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ನಾಲ್ಕು ಸಾಲು ಕೆಳಗೆ ಒಂದು ಕುಣಿಕೆ ಜಾರಿ ತೂತಾಗಿತ್ತಂತೆ. ಕಡ್ಡಿ ಎಳೆದು, ದಾರ ಜಗ್ಗಿದರೆ ಸರಸರ ಬಿಚ್ಚಿಕೊಂಡು ಬಂತು, ಮತ್ತೆ ಹೆಣೆದರು. "ಮೇಡಂ, ತಪ್ಪಾಯ್ತು, ಬಿಚ್ಚಿದೆ, ದಾರ ಹಾಗೇ ಇತ್ತು. ಯಾರಿಗೂ ಲೇಟ್ ಫೀಸ್ ಬರಲಿಲ್ಲ." ಹೇಳುತ್ತಾ ಕಣ್ಣು ತುಂಬಿಕೊಂಡರು. ಒಂದು ಅಂಕಿ ತಪ್ಪಿದರೆ ನೋಟಿಸ್ ಬರುವ ಕಡೆ ಇಪ್ಪತ್ತು ವರ್ಷ ದುಡಿದವರಿಗೆ, ತಪ್ಪಿದರೂ ಏನೂ ಕಳೆದುಹೋಗದ ಒಂದು ಕೆಲಸ ಸಿಕ್ಕಿತ್ತು.

ಇನ್ನೊಂದು ಆಯಿತು, ಅದು ನನ್ನ ಸಲಹೆಯಲ್ಲಿ ಇರಲೇ ಇಲ್ಲ. ದಾರ ಲಡಿಯಲ್ಲಿ ಬಂದಿತ್ತು, ಉಂಡೆ ಸುತ್ತಬೇಕು. ದಿಂಬಿಗೆ ಒರಗಿ ಕೂತಿದ್ದ ಅತ್ತೆ "ಇಲ್ಲಿ ತಾರಮ್ಮ" ಅಂತ ಎರಡೂ ಕೈ ಚಾಚಿದರಂತೆ. ಅವರ ಕೈಗಳಿಗೆ ಲಡಿ ಹಾಕಿ ಇವರು ಸುತ್ತಿದರು. ದಾರ ಸಲೀಸಾಗಿ ಬರಲಿ ಅಂತ ಅತ್ತೆ ಕೈಗಳನ್ನು ಎಡಕ್ಕೆ ಬಲಕ್ಕೆ ವಾಲಿಸುತ್ತಿದ್ದರು. ಎರಡು ತಿಂಗಳಿಂದ ಮಾತ್ರೆ, ಕಮೋಡ್, ಗಂಜಿ ಬಿಟ್ಟು ಬೇರೆ ಮಾತೇ ಇಲ್ಲದ ಇಬ್ಬರು ಅರ್ಧ ಗಂಟೆ ಎದುರುಬದುರು ಕೂತಿದ್ದರು.

ಹೆಣಿಗೆಯಲ್ಲಿ ಮಂತ್ರ ಏನೂ ಇಲ್ಲ. ಒಂದೇ ಥರದ ಚಲನೆಗೆ ಕೈ, ಕಣ್ಣು ಎರಡೂ ಬೇಕು, ಹಾಗಾಗಿ ಚಿಂತೆಗೆ ಪೂರ್ತಿ ಜಾಗ ಸಿಗುವುದಿಲ್ಲ. ಹಾಗಂತ ತಲೆ ಓಡಿಸಿ ಸುಸ್ತಾಗುವಂಥದ್ದೂ ಅಲ್ಲ. 2013ರಲ್ಲಿ ಬ್ರಿಟನ್ನಿನ ಆಕ್ಯುಪೇಷನಲ್ ಥೆರಪಿ ಪತ್ರಿಕೆಯೊಂದರಲ್ಲಿ 3,545 ಹೆಣಿಗೆಗಾರರ ಸಮೀಕ್ಷೆ ಬಂದಿತ್ತು. ಜಾಸ್ತಿ ಸಲ ಹೆಣೆಯುವವರು ಜಾಸ್ತಿ ನೆಮ್ಮದಿ ಅನ್ನಿಸುತ್ತದೆ ಅಂದಿದ್ದರು. ಆದರೆ ಅವರೆಲ್ಲ ಮೊದಲೇ ಹೆಣಿಗೆ ಇಷ್ಟಪಟ್ಟವರು ಅಲ್ವಾ, ಹಾಗಾಗಿ ಇದನ್ನು ಎಲ್ಲರಿಗೂ ಔಷಧಿ ಥರ ಬರೆದುಕೊಡಲಾರೆ. ದಿನಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಸಾಯುವ ಯೋಚನೆ ಬರುತ್ತಿದೆ ಅಂದರೆ ಕಡ್ಡಿ ಹಿಡಿದು ಕೂರಬೇಡಿ. 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಸೆಪ್ಟೆಂಬರ್‌ನಲ್ಲಿ ಶಾರದಾ ಮತ್ತೆ ಬಂದರು. ಮುಖ ಜುಲೈಗಿಂತ ಸೋತಿತ್ತು. ಬಲ ಮಣಿಕಟ್ಟು ನೋವು. ಆಗಿದ್ದು ಇಷ್ಟು: ಹೆಣೆಯುವುದನ್ನು ನೋಡಿದ ಓರಗಿತ್ತಿ, ಮೊಮ್ಮಗುವಿನ ನಾಮಕರಣಕ್ಕೆ ಸ್ವೆಟರ್, ಟೋಪಿ, ಕಾಲುಚೀಲ ಕೇಳಿದರು. ಆಫೀಸಿನವರೊಬ್ಬರು ಇಬ್ಬರು ಮಕ್ಕಳಿಗೆ ಕೇಳಿದರು. ಇನ್ಯಾರೋ "ಸೀರೆ ಕುಚ್ಚೂ ಹಾಕಿಕೊಡು, ಒಳ್ಳೆ ದುಡ್ಡು ಬರುತ್ತೆ" ಅಂದರು. ಇವರು ಎಲ್ಲದಕ್ಕೂ ಹೂಂ ಅಂದಿದ್ದರು. ರಾತ್ರಿ 1 ಗಂಟೆವರೆಗೆ ಹೆಣಿಗೆ, ಬೆಳಗ್ಗೆ ಆಡಿಟ್ ಫೈಲು. "ಈಗ ಆ ಬುಟ್ಟಿ ನೋಡಿದ್ರೇನೇ ಎದೆ ಧಸಕ್ ಅನ್ನುತ್ತೆ."

ದುಡ್ಡಿಗಾಗಿ ಹೆಣೆಯುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಎಷ್ಟೋ ಮನೆ ಅದರಲ್ಲೇ ನಡೆಯುತ್ತದೆ. ಆದರೆ ಇವರಿಗೆ ಸಮಾಧಾನ ಕೊಟ್ಟಿದ್ದು ಉಲ್ಲನ್ ಅಲ್ಲ, ಆ ಕೆಲಸಕ್ಕಾಗಿ ಯಾರೂ ಕಾಯುತ್ತಿರಲಿಲ್ಲ ಅನ್ನುವುದು. ತಾರೀಖು ಬಂದ ಕೂಡಲೇ ಅದೂ ಇನ್ನೊಂದು ರಿಟರ್ನ್ ಆಯಿತು.

ಅವತ್ತು ಕೂತು ಮಾತು ಕಟ್ಟಿದೆವು. ಓರಗಿತ್ತಿಗೆ: "ಅಕ್ಕ, ಟೋಪಿ ಒಂದು ಹಾಕ್ತೀನಿ, ನಾಮಕರಣಕ್ಕೆ ಅಂತ ಒಪ್ಪಿಕೊಳ್ಳಲ್ಲ." ಉಳಿದವರಿಗೆ ಆಗಲ್ಲ ಅಂತ. ಇದನ್ನು ನನ್ನೆದುರು ಐದಾರು ಸಲ ಹೇಳಿಸಿದೆ, ಮೊದಲೆರಡು ಸಲ "ಸಾರಿ" ಇಲ್ಲದೆ ಬಾಯಿ ತೆರೆಯಲಾಗಲಿಲ್ಲ. ಮಣಿಕಟ್ಟು ಸರಿಯಾಗುವವರೆಗೆ ಹೆಣಿಗೆ ಬಂದ್. ಆಮೇಲೂ 20 ನಿಮಿಷ ದಾಟಬಾರದು, ಮೊಣಕೈ ಕೆಳಗೆ ದಿಂಬು ಇರಬೇಕು.

ಮುಂದಿನ ಸಲ ಗಂಡನನ್ನೂ ಕರೆಸಿದೆ. ಹೆಣಿಗೆಯಿಂದ ನಿದ್ದೆ ತುಂಬುವುದಿಲ್ಲ, ರಾತ್ರಿ ಅಮ್ಮನನ್ನು ಎಬ್ಬಿಸಿ ಕಮೋಡಿಗೆ ಕೂರಿಸುವವರು ಇನ್ನೊಬ್ಬರು ಬೇಕು ಅಂತ ನೇರವಾಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದಿನ ಬಿಟ್ಟು ದಿನ ನಾನು ಮಾಡ್ತೀನಿ" ಅಂದರು. ಮಾಡುತ್ತಿದ್ದಾರೆ. ಶಾರದಾಗೆ ವಾರದಲ್ಲಿ ಮೂರ್ನಾಲ್ಕು ರಾತ್ರಿ ಪೂರ್ತಿ ನಿದ್ದೆ.

ಟೋಪಿ ನಾಮಕರಣ ಕಳೆದು ಮೂರು ವಾರಕ್ಕೆ ತಲುಪಿತು. ಆ ಮೊದಲ 30 ಕುಣಿಕೆಯ ಹೆಣಿಗೆ ಇನ್ನೂ ಕಡ್ಡಿಯ ಮೇಲೇ ಇದೆ, ಒಂದು ಮೊಳ ದಾಟಿದೆ, ಏನಾಗುತ್ತದೆ ಅಂತ ಅವರೂ ತೀರ್ಮಾನಿಸಿಲ್ಲ. ಮುಂದಿನ ಭೇಟಿ ಮಾರ್ಚ್ ಮೊದಲ ವಾರ, ಮಗಳ ಪರೀಕ್ಷೆ ಮತ್ತು ಹಣಕಾಸು ವರ್ಷದ ಕೊನೆ ಒಟ್ಟಿಗೆ ಬರುವುದರಿಂದ. ಅದಕ್ಕೆ ಮುಂಚೆ 3 ಗಂಟೆಯ ಎಚ್ಚರ ಶುರುವಾದರೆ ಕಾಯದೆ ಬನ್ನಿ ಅಂತ ಹೇಳಿದ್ದೇನೆ.